ಲೆಟರ್ ಯಾರಿಂದ ಬಂತು ಅಂತ ಮೊದಲು ನೋಡ್ರಪ್ಪ

ನಮ್ಮ ಟಿಪಿಎಗೆ (ಅಮೆರಿಕದ ಕಂಪನಿಗಳ ರಿಟೈರ್‌ಮೆಂಟ್ ಪ್ಲಾನ್‌ಗಳ ಕಾಗದಪತ್ರ ನೋಡ್ಕೊಳ್ಳೋ ಸಂಸ್ಥೆ) ಹೊಸದಾಗಿ ಬಂದ ಕ್ಲೈಂಟ್ ಒಬ್ರು ನೋಟೀಸ್‌ನ ಫೋಟೋ ಕಳಿಸಿದ್ರು, ಅದೂ ಕೆಳಗಿನ ಅರ್ಧ ಮಾತ್ರ. ಪ್ಲಾನ್‌ನ ವಾರ್ಷಿಕ ವರದಿ, ಅಂದ್ರೆ ಫಾರ್ಮ್ 5500, ಬಂದಿಲ್ಲ ಅಂತಿದೆ, ಆದ್ರೆ ಕಳಿಸಿದ್ದು ಐಆರ್‌ಎಸ್ಸೋ (ತೆರಿಗೆ ಇಲಾಖೆ) ಡಿಒಎಲ್ಲೋ (ಕಾರ್ಮಿಕ ಇಲಾಖೆ) ಗೊತ್ತಾಗ್ತಿಲ್ಲ. ಡಿಒಎಲ್ ಬರೆದಿದ್ರೆ ಡಿಎಫ್‌ವಿಸಿಪಿ, ಅಂದ್ರೆ ತಡವಾದ 5500ನ ಕಡಿಮೆ ದಂಡ ಕಟ್ಟಿ ತಾವಾಗೇ ಹಾಕೋ ಡಿಒಎಲ್ ಸ್ಕೀಮ್‌ನ, ಬಾಗಿಲು ಮುಚ್ಚಿದ ಹಾಗೇ, ಆಮೇಲೆ ದಿನಕ್ಕೆ 2,000 ಡಾಲರ್ ಮೇಲಿನ ಪೆನಾಲ್ಟಿ ಲೆಕ್ಕ ಶುರು. ಐಆರ್‌ಎಸ್ಸಾದ್ರೆ ಇನ್ನೂ ದಾರಿ ಇದೆ. ಮೇಲಿನ ಅರ್ಧ ಕಳಿಸಿ ಅಂದ್ರೆ ಆಯಪ್ಪ ಮೀಟಿಂಗ್‌ನಲ್ಲಿ, ಫೋನ್ ಎತ್ತಲ್ಲ. ಇತ್ತ ನಮ್ಮ ಮ್ಯಾನೇಜರ್ ಕುರ್ಚಿ ಹಿಂದೆ ನಿಂತ್ಕೊಂಡು "ರೆಡಿ ಇರೋದನ್ನ ಈಗ್ಲೇ ಸಬ್ಮಿಟ್ ಮಾಡ್ರಿ, ಮಿಕ್ಕಿದ್ದು ಆಮೇಲೆ ನೋಡೋಣ" ಅಂತ ಒಂದೇ ಸಮ. ನಾನು ಮೌಸ್ ಮುಟ್ಟಲಿಲ್ಲ.

ಕೊನೆಗೂ ಫೋಟೋ ಬಂತು. ಸಿಪಿ 403 ಅನ್ನೋ ನೋಟೀಸ್, ಐಆರ್‌ಎಸ್‌ದು. ಉಸಿರು ಬಂತು.

ನೋಟೀಸ್ ಒಂದು ವರ್ಷದ್ದು, ಕೆದಕಿದ್ರೆ ಮೂರು ವರ್ಷದ್ದು ಬಾಕಿ. ರೆಕಾರ್ಡ್‌ಕೀಪರ್ (ಪ್ಲಾನ್‌ನ ಖಾತೆಗಳ ಲೆಕ್ಕ ಇಡೋ ಸಂಸ್ಥೆ) ಪ್ರತಿ ವರ್ಷ ಡ್ರಾಫ್ಟ್ ಮಾಡಿಟ್ಟಿದ್ರು, ಸೈನ್ ಮಾಡಬೇಕಾದವ್ರು ಕೆಲಸ ಬಿಟ್ಟು ಹೋಗಿದ್ರು, ಮೇಲ್ ಎಲ್ಲಾ ಯಾರೂ ತೆಗೆಯದ ಇನ್‌ಬಾಕ್ಸ್‌ಗೆ. ಓನರ್‌ಗೆ ಫೈಲ್ ಮಾಡೋದು ರೆಕಾರ್ಡ್‌ಕೀಪರ್ ಕೆಲಸ ಅನ್ನೋ ನಂಬಿಕೆ. ಕಾನೂನು ಪ್ರಕಾರ ಪ್ಲಾನ್ ಅಡ್ಮಿನಿಸ್ಟ್ರೇಟರ್, ಅಂದ್ರೆ ಫೈಲ್ ಮಾಡೋ ಹೊಣೆ ಇರೋರು, ಅವ್ರ ಕಂಪನಿನೇ, ಇದನ್ನ ಹೇಳಿದಾಗೆಲ್ಲ ಕ್ಲೈಂಟ್‌ಗಳು ನಮ್ಮನ್ನೇ ಕಳ್ಳರ ಥರ ನೋಡ್ತಾರೆ.

ಮ್ಯಾನೇಜರ್ ಮಾತು ಕೇಳಿದ್ರೆ ಏನಾಗ್ತಿತ್ತು ನೋಡಿ. ಡಿಎಫ್‌ವಿಸಿಪಿಯಲ್ಲಿ ಸಣ್ಣ ಪ್ಲಾನ್‌ಗೆ ದಂಡ ದಿನಕ್ಕೆ 10 ಡಾಲರ್, ಒಂದು ಫೈಲಿಂಗ್‌ಗೆ ಜಾಸ್ತಿ ಅಂದ್ರೆ 750. ಬಿಡಿಬಿಡಿಯಾಗಿ ಹಾಕಿದ್ರೆ ಮೂರಕ್ಕೆ 2,250, ಒಟ್ಟಿಗೆ ಹಾಕಿದ್ರೆ ಇಡೀ ಪ್ಲಾನ್‌ಗೇ 1,500. ಅದಕ್ಕೇ ಮೂರೂ ರೆಡಿ ಆಗೋವರೆಗೂ ಕಾದು, ಮೂರರಲ್ಲೂ ಡಿಎಫ್‌ವಿಸಿ ಬಾಕ್ಸ್ ಟಿಕ್ ಮಾಡಿ ಒಂದೇ ಸಲ ಕಳಿಸಿದ್ವಿ. ಅದಕ್ಕೂ ಮುಂಚೆ ಓನರ್‌ಗೆ ಇಫಾಸ್ಟ್‌2 (5500 ಹಾಕೋ ಸರ್ಕಾರಿ ವೆಬ್‌ಸೈಟ್) ಲಾಗಿನ್ ಮಾಡಿಸೋಷ್ಟರಲ್ಲಿ ನನ್ನ ಅರ್ಧ ಆಯುಸ್ಸು ಹೋಯ್ತು, ಕೋಡ್ ಬರೋ ಫೋನು ಮನೆಯಲ್ಲಂತೆ!

ಆಮೇಲೆ "ಪೆನಾಲ್ಟಿನ ಪ್ಲಾನ್ ದುಡ್ಡಲ್ಲಿ ಕಟ್ಬೋದಾ, ಫಾರ್ಫೀಚರ್ ಅಕೌಂಟಲ್ಲಿ ಇದೆಯಲ್ಲ" ಅಂದ್ರು ಓನರ್ (ಬೇಗ ಕೆಲಸ ಬಿಟ್ಟೋರು ಕಳ್ಕೊಂಡು ಪ್ಲಾನಲ್ಲೇ ಉಳಿದ ದುಡ್ಡಿನ ಖಾತೆ ಅದು). ಆಗಲ್ಲ ಸಾರ್, ಅದು ನೌಕರರ ದುಡ್ಡು, ಕಂಪನಿ ಜೇಬಿಂದಲೇ ಕೊಡ್ಬೇಕು ಅಂದೆ. ಗೊಣಗ್ತಾ ಕಟ್ಟಿದ್ರು.

ಮ್ಯಾನೇಜರ್ ಅಷ್ಟಕ್ಕೇ ಫೈಲ್ ಕ್ಲೋಸ್ ಮಾಡೋಕೆ ಹೊರಟಿದ್ರು. ಕೆಲಸ ಬಿಟ್ಟೋರ ಬ್ಯಾಲೆನ್ಸ್ ಪ್ಲಾನಲ್ಲೇ ಉಳಿದಿತ್ತು, ಅಂಥೋರ ವಿವರ ಕೊಡೋ ಫಾರ್ಮ್ 8955-ಎಸ್‌ಎಸ್‌ಎ, 5500 ಹಾಕಿದ 30 ದಿನದೊಳಗೆ ಐಆರ್‌ಎಸ್‌ಗೆ ಹೋಗದಿದ್ರೆ, ತಡವಾದ 5500ಗೆ ಐಆರ್‌ಎಸ್ ಹಾಕೋ ದಿನಕ್ಕೆ 250 ಡಾಲರ್ ಪೆನಾಲ್ಟಿ ಹಾಗೇ ಇರುತ್ತೆ. ಅದನ್ನೂ ಕಳಿಸಿ, ಆಮೇಲೆ ಕ್ಲೋಸ್ ಮಾಡಿದೆ.