ಲಾಲ್‌ಬಾಗ್ ಬಂಡೆಯ ಮೇಲೆ ಗಂಡು ನೋಡುವ ಶಾಸ್ತ್ರ

14 ಡಿಸೆಂಬರ್ 2025, ಭಾನುವಾರ
ಬೆಂಗಳೂರು

ಅಂತೂ ಇವತ್ತು ನಾನು ಮೆಚ್ಚಿದ ಹುಡುಗನನ್ನು ನನ್ನ ಗ್ಯಾಂಗಿಗೆ ತೋರಿಸಿದ್ದಾಯಿತು.

ಎಲ್ಲಿ ಸೇರುವುದು ಅಂತ ಗ್ರೂಪಿನಲ್ಲಿ ಒಂದು ವಾರದಿಂದ ಜಗ್ಗಾಟ ನಡೆದಿತ್ತು. ಇಂದಿರಾನಗರದಲ್ಲಿ ಎಲ್ಲಾದರೂ ಟೇಬಲ್ ಬುಕ್ ಮಾಡೋಣ ಎಂದರು. ನಾನು ಒಪ್ಪಲಿಲ್ಲ. ಟೇಬಲ್ ಸುತ್ತ ಕೂತರೆ ಮುಗಿಯಿತು, ಉಪ್ಪಿಟ್ಟು ಕೇಸರಿಬಾತ್ ಇಲ್ಲದ ಗಂಡು ನೋಡುವ ಶಾಸ್ತ್ರ ಅದು. ಒಬ್ಬ ಕೇಳುವುದು, ಐದು ಜನ ಉತ್ತರ ಕಾಯುವುದು. ನಡೆಯುವಾಗ ಹಾಗಾಗುವುದಿಲ್ಲ. ಆರು ಜನ ಒಂದೇ ಸಾಲಿನಲ್ಲಿ ನಡೆಯಲು ಯಾವ ದಾರಿಯೂ ಸಾಲದು. ಇಬ್ಬಿಬ್ಬರಾಗಿ ಒಡೆಯಲೇಬೇಕು. ಮಾತು ನಿಂತರೆ ಮರ ನೋಡಬಹುದು. ಹಾಗಾಗಿ ಲಾಲ್‌ಬಾಗ್, ಪಶ್ಚಿಮ ದ್ವಾರ, ಬೆಳಿಗ್ಗೆ ಎಂಟು ಗಂಟೆ.

ಹೆಸರು ಬರೆದರೆ ಬೈಯುತ್ತಾರೆ, ಅದಕ್ಕೆ ಬರೆಯುವುದಿಲ್ಲ. ಒಬ್ಬಳು ಲಾಯರಮ್ಮ, ನನ್ನ ಹಾಸ್ಟೆಲ್ ಕಾಲದವಳು. ಬೊಮ್ಮಸಂದ್ರದ ಜೋಡಿ ಒಂದು. ಇನ್ನೊಬ್ಬ ಮೌನಿ, ಅವನು ಒಂದು ಗಂಟೆಗೆ ನಾಲ್ಕು ಮಾತಾಡಿದರೆ ಜಾಸ್ತಿ. ನನ್ನ ಮೊದಲ ಮದುವೆ ಮುರಿದಾಗ ನನ್ನ ಪೆಟ್ಟಿಗೆಗಳನ್ನು ಹೊತ್ತು ಮೂರನೇ ಮಹಡಿ ಹತ್ತಿಸಿದವರು ಇವರೇ. ಅದಕ್ಕೇ ಇವರಿಗೆ ಒಂದು ಹಕ್ಕಿದೆ, ಒಂದು ಅನುಮಾನವೂ ಇದೆ. ಎರಡೂ ನ್ಯಾಯವೇ.

ಬೊಮ್ಮಸಂದ್ರದವರು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು! ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಅವರ ಬದುಕೇ ಬದಲಾಗಿದೆ. ಮೊದಲು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವ ಯೋಚನೆಗೇ ಪ್ಲಾನ್ ಕ್ಯಾನ್ಸಲ್ ಮಾಡುತ್ತಿದ್ದರು. ಈಗ ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್ ಸ್ಟೇಷನ್‌ನಲ್ಲಿ ಇಳಿಯುತ್ತಾರೆ. ತಡವಾಗಿ ಬಂದದ್ದು ಪಕ್ಕದಲ್ಲೇ ಇರುವ ಜಯನಗರದ ಲಾಯರಮ್ಮ. ಯಾವಾಗಲೂ ಹಾಗೇ ಅಲ್ವಾ.

ಮೊದಲ ಅರ್ಧ ಗಂಟೆ ಕಷ್ಟವಾಯಿತು. ಇವನು ಧಾರವಾಡದವನು, ಕೇಳಿದ್ದಕ್ಕಷ್ಟೇ ಉತ್ತರ. ಲಾಯರಮ್ಮ ಅಡ್ಡ ಸವಾಲು ಶುರು ಮಾಡಿಯೇ ಬಿಟ್ಟಳು. "ನಿಮ್ಮ ಮನೇಲಿ ಗೊತ್ತಾ?" ಅಂದಳು. "ಅವ್ವಗ ಗೊತ್ತೈತ್ರಿ. ಅಪ್ಪಗ ಇನ್ನ ಹೇಳಬೇಕು" ಅಂದ. "ಯಾವಾಗ ಹೇಳ್ತೀರಿ?" "ಸಂಕ್ರಾಂತಿಗೆ ಊರಿಗೆ ಹೊಂಟೇನ್ರಿ." ಸುಳ್ಳಿಲ್ಲ, ಅಲಂಕಾರವೂ ಇಲ್ಲ. ನಾನು ಗಾಜಿನ ಮನೆ ಕಡೆ ಕೈ ತೋರಿಸಿ ಮಾತು ತಿರುಗಿಸಲು ನೋಡಿದೆ. 1889ರಲ್ಲಿ ಕಟ್ಟಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಮಾಡಿದ್ದು ಅಂತ ಗೈಡ್ ಥರ ಶುರು ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲ ಬದಲಾದದ್ದು ಬಂಡೆಯ ಮೇಲೆ.

ಕೆಂಪೇಗೌಡ ಗೋಪುರ ಇರುವ ಆ ದೊಡ್ಡ ಬಂಡೆ ಗೊತ್ತಲ್ಲ. ನಾವು ಕಾಲೇಜಿನಲ್ಲಿದ್ದಾಗ ಸುಮ್ನೆ ಅಲ್ಲಿ ಹೋಗಿ ಕೂರುತ್ತಿದ್ದೆವು. ಗೋಪುರದ ಮುಂದೆ ನಿಂತು ಫೋಟೋ, ಆಮೇಲೆ ಕಡಲೆಕಾಯಿ, ಅಷ್ಟೇ. ಇವನ ಕೆಲಸ ಕಟ್ಟಡಕ್ಕೆ ಮುಂಚೆ ನೆಲ ಕೊರೆದು ಮಣ್ಣು, ಕಲ್ಲು ಪರೀಕ್ಷೆ ಮಾಡುವುದು. ಬಂಡೆ ಹತ್ತುತ್ತಿದ್ದ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅಂಗೈಯಿಂದ ಧೂಳು ಒರೆಸಿದ. ಬಿಳಿ, ಬೂದು, ಕಪ್ಪು ಪಟ್ಟೆಗಳು ಕಂಡವು. ಒಂದು ಕಡೆ ನೇರವಾಗಿ ಹೋದ ಪಟ್ಟೆ ಇನ್ನೊಂದು ಕಡೆ ಮಡಚಿಕೊಂಡು ಸುತ್ತಿತ್ತು, ಸೀರೆಯ ಅಂಚಿನ ಹಾಗೆ. ಕಪ್ಪು ಗೆರೆಯಲ್ಲಿ ಚೂರು ಚೂರು ಮಿಂಚುವುದನ್ನು ಉಗುರಿನಿಂದ ತೋರಿಸಿ, "ಇದು ಕಾಗೆ ಬಂಗಾರ್ರಿ, ಕರಿ ಜಾತಿದು" ಅಂದ.

ಆಮೇಲೆ ನಿಲ್ಲಲೇ ಇಲ್ಲ. ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಹೆಸರು ಪೆನಿನ್ಸುಲರ್ ನೈಸ್. ಭೂಮಿಯೊಳಗೆ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಬೇರೆ ಬೇರೆ ಸಾಲಾಗಿ ನಿಂತಿದ್ದರಿಂದ ಈ ಪಟ್ಟೆ. ಮೇಲಿನ ಪದರ ಕೋಟ್ಯಂತರ ವರ್ಷ ಸವೆದು ಹೋಗಿದ್ದರಿಂದ ಇವತ್ತು ಇದು ನಮ್ಮ ಕಾಲ ಕೆಳಗಿದೆ. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಫಲಕ ಅಲ್ಲೇ ಇದೆ. ನಾವು ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಂಡವರು, ಓದಿದವರಲ್ಲ.

"ಹೈದರಾಲಿ 1760ರಲ್ಲಿ ತೋಟ ಮಾಡಿದ, ಕೆಂಪೇಗೌಡರ ಗೋಪುರ ಅದಕ್ಕಿಂತ ಹಳೇದು, ಎಲ್ಲಾ ಖರೆ. ಆದರ ಕಲ್ಲಿನ ಲೆಕ್ಕದಾಗ ಎರಡೂ ನಿನ್ನೆ ಮೊನ್ನೇವು" ಅಂದ. ಬೊಮ್ಮಸಂದ್ರದವಳು ಆಗಲೇ ಅವನ ಪಕ್ಕ ಕೂತು ಕಲ್ಲು ಕೆರೆಯುತ್ತಿದ್ದಳು. ಲಾಯರಮ್ಮ ಪ್ರಶ್ನೆ ಕೇಳುತ್ತಲೇ ಇದ್ದಳು, ಆದರೆ ಈಗ ಕಲ್ಲಿನ ಬಗ್ಗೆ. ನಾನು ಸ್ವಲ್ಪ ದೂರ ಹೋಗಿ ನಿಂತೆ. ನಾನು ಪಕ್ಕದಲ್ಲಿದ್ದರೆ ಎಲ್ಲರೂ ಅವನ ಉತ್ತರ ಕೇಳಿ ನನ್ನ ಮುಖ ನೋಡುತ್ತಾರೆ. ನಾನಿಲ್ಲದಿದ್ದರೆ ಅವನನ್ನೇ ನೋಡುತ್ತಾರೆ. ಪರಿಚಯ ಮಾಡಿಸುವವರ ದೊಡ್ಡ ಕೆಲಸ ಜಾಗ ಖಾಲಿ ಮಾಡುವುದೇ ಅಂತ ನನಗನ್ನಿಸಿತು.

ಹೊಟ್ಟೆ ಚುರುಗುಟ್ಟಿತು. ಎಂಟಿಆರ್‌ಗೆ ಹೋದೆವು, 1924ರ ಹೋಟೆಲು, ಭಾನುವಾರ ಬೇರೆ. ಹೆಸರು ಬರೆಸಿ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಒಂದು ಟೇಬಲ್ಲಿಗೆ ನಾಲ್ಕು ಸೀಟು, ಮೂಲೆಯಲ್ಲಿ ಬೇರೆಯವರ ಜೊತೆ ಎರಡು. ಯಾರು ಎಲ್ಲಿ ಅಂತ ಯೋಚಿಸುವ ಮೊದಲೇ ಮೌನಿ ಇವನ ಹೆಗಲು ತಟ್ಟಿ ಮೂಲೆಗೆ ಕರೆದುಕೊಂಡು ಹೋದ. ನನ್ನ ಎದೆ ಧಸಕ್ಕೆಂದಿತು. ನಮ್ಮ ಗುಂಪಿನಲ್ಲಿ ಮೌನಿಯ ಮಾತಿಗೆ ತೂಕ ಜಾಸ್ತಿ, ಮಾತೇ ಕಡಿಮೆ ಇರುವುದರಿಂದಲೋ ಏನೋ. ನನ್ನ ಮುಂದೆ ರವೆ ಇಡ್ಲಿ ಬಂತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಇಲ್ಲೇ ಹುಟ್ಟಿದ ತಿಂಡಿ ಅನ್ನುತ್ತಾರೆ. ತುಪ್ಪದ ಬಟ್ಟಲು ಬಗ್ಗಿಸಿದ್ದು ನೆನಪಿದೆ, ರುಚಿ ನೆನಪಿಲ್ಲ. ಕಣ್ಣೆಲ್ಲ ಮೂಲೆಯ ಮೇಲಿತ್ತು. ಇಬ್ಬರೂ ತಲೆ ಬಗ್ಗಿಸಿ ತಿನ್ನುತ್ತಿದ್ದರು. ಮಾತಾಡಿದ್ದು ಕಾಣಲೇ ಇಲ್ಲ.

ಆಮೇಲೆ ಆಟೋ, ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ, ಎಂ.ಜಿ. ರೋಡ್. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ ಎಲ್ಲರೂ ಒಬ್ಬೊಬ್ಬರು ಒಂದೊಂದು ಮಹಡಿಯಲ್ಲಿ ಕಳೆದುಹೋದರು. ಕಬ್ಬನ್ ಪಾರ್ಕಿಗೆ ಹೋಗುವಷ್ಟರಲ್ಲಿ ಕಾಲು ಬಿದ್ದುಹೋಗಿತ್ತು. ಕೆಂಪು ಅಠಾರಾ ಕಚೇರಿ ಕಾಣುವ ಕಡೆ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ಕೂತೆವು. ಲಾಯರಮ್ಮ, ಅದು ಈಗ ಹೈಕೋರ್ಟು, ಭಾನುವಾರವೂ ಇದನ್ನು ನೋಡಬೇಕಾ ನಾನು ಅಂತ ಬೆನ್ನು ತಿರುಗಿಸಿ ಕೂತಳು.

ಅಲ್ಲಿ ಇವನು ನೀರು ತರಲು ಎದ್ದು ಹೋದ. ಐದು ಜನರ ನಡುವೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾನು ಕೇಳಬಾರದು ಅಂದುಕೊಂಡಿದ್ದೆ, ಆದರೂ ಮೌನಿಯನ್ನು ನೋಡಿದೆ.

"ಬಿಲ್ಲಿಗೆ ಕಿತ್ತಾಡಲಿಲ್ಲ" ಅಂದ ಮೌನಿ. "ಅರ್ಧ ನೀವು ಕೊಡ್ರಿ, ಅರ್ಧ ನಾ ಕೊಡ್ತೀನಿ ಅಂದ. ನಾನು ಸರಿ ಅಂದೆ."

"ಅಷ್ಟೇನಾ?"

"ಅಷ್ಟೇ. ಹಿಂದಿನವನು ಮೊದಲ ದಿನ ನಮ್ಮೆಲ್ಲರ ಬಿಲ್ ಕೊಟ್ಟಿದ್ದ, ನೆನಪಿದೆಯಾ?"

ನೆನಪಿತ್ತು. ಅವತ್ತು ನಾನು ಅದನ್ನು ಎಷ್ಟು ಹೆಮ್ಮೆಯಿಂದ ನೋಡಿದ್ದೆ ಅನ್ನುವುದೂ ನೆನಪಿತ್ತು. ಲಾಯರಮ್ಮ ಹುಲ್ಲು ಕೀಳುತ್ತಾ, "ನಂಗೆ ಇನ್ನೂ ಎರಡು ಮೂರು ಸಲ ನೋಡಬೇಕು" ಅಂದಳು. ಪೂರ್ತಿ ಒಪ್ಪಿದ್ದರೆ ನನಗೇ ಅನುಮಾನ ಬರುತ್ತಿತ್ತು.

ಮನೆಗೆ ಬಂದು ಸ್ನಾನ ಮುಗಿಸಿ ಫೋನ್ ತೆಗೆದರೆ ಹೊಸ ಗ್ರೂಪು. ಹೆಸರು 'ಬಂಡೆ'. ಮುಂದಿನ ಭಾನುವಾರ ಸಾವನದುರ್ಗ ಹತ್ತುತ್ತಾರಂತೆ. ಇವನಾಗಲೇ ಉದ್ದನೆಯ ಮೆಸೇಜು ಹಾಕಿದ್ದಾನೆ. ಅದು ಕ್ಲೋಸ್‌ಪೇಟೆ ಗ್ರಾನೈಟ್, ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ವಯಸ್ಸು ಸುಮಾರು 250 ಕೋಟಿ ವರ್ಷ, ಲಾಲ್‌ಬಾಗಿನ ಕಲ್ಲಿಗಿಂತ ಕಿರಿಯದು, ಎಲ್ಲರೂ ಹಿಡಿತ ಇರುವ ಶೂ ಹಾಕಿಕೊಂಡು ಬರ್ರಿ. ಲಾಯರಮ್ಮ ಬೆಳಿಗ್ಗೆ ಐದೂವರೆಗೆ ಕಾರು ತರುತ್ತಾಳಂತೆ, ಇವಳು! ನನಗೆ ಅವತ್ತು ತಂಗಿ ಮಗನ ನಾಮಕರಣ. ನಾನು ಬಿಡುವಾಗಿದ್ದೀನಾ ಅಂತ ಯಾರೂ ಕೇಳಿಲ್ಲ. ಶೂ ಇಲ್ಲದ ಮೌನಿ ಮಾತ್ರ ನನಗೆ ಬೇರೆ ಮೆಸೇಜು ಮಾಡಿದ್ದಾನೆ, ಇವನ ಕಾಲಿನ ಸೈಜು ಎಷ್ಟು, ಒಂದು ಜೊತೆ ಜಾಸ್ತಿ ಇದೆಯಾ ಅಂತ.