ಎ, ಆ್ಯನ್, ದ ಕಲಿಸಿದ ನಮ್ಮ ಮೇಷ್ಟ್ರು

ನಮ್ಮ ಕಾಲದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಹೈಸ್ಕೂಲಿಗೆ ಬರುವ ಹೊತ್ತಿಗೆ ಆರ್ಟಿಕಲ್ಸ್ ಬಗ್ಗೆ, ಅಂದರೆ ನಾಮಪದಕ್ಕಿಂತ ಮೊದಲು ಬರುವ ಎ, ಆ್ಯನ್, ದ ಬಗ್ಗೆ, ಎಲ್ಲರಿಗೂ ಒಂದು ಸೂತ್ರ ಬಾಯಿಪಾಠ ಆಗಿತ್ತು: ಪದದ ಮೊದಲ ಅಕ್ಷರವಾಗಿ ಎ, ಇ, ಐ, ಓ, ಯು ಬಂದರೆ ಆ್ಯನ್, ಬೇರೆ ಯಾವುದು ಬಂದರೂ ಎ. ನಮ್ಮ ಇಂಗ್ಲಿಷ್ ಮೇಷ್ಟ್ರು ಮೊದಲು ಬಿಡಿಸಿದ್ದು ಈ ಅಭ್ಯಾಸವನ್ನೇ.

ಪದವನ್ನು ಕನ್ನಡದಲ್ಲಿ ಬರೆದು ನೋಡಿ ಅಂದರು. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದ ಶುರುವಾದರೆ ಎ, ಅಷ್ಟೇ. ಗಂಟೆಗೆ ಇಂಗ್ಲಿಷಿನಲ್ಲಿ ಅವರ್ ಅಂತೀವಿ, ಅದನ್ನು ಬರೆದರೆ ಮೊದಲು ಬರುವುದು ಅ, ಹಾಗಾಗಿ ಸ್ಪೆಲ್ಲಿಂಗಿನಲ್ಲಿ ಎಚ್ ಇದ್ದರೂ ಅದು ಆ್ಯನ್ ಅವರ್. ಯೂನಿವರ್ಸಿಟಿಗೆ ಯ ಬಂತು, ಎ ಯೂನಿವರ್ಸಿಟಿ. ಎಂಎಲ್‌ಎ ಬಂದರೆ ಆ್ಯನ್. ಒಂದು ರೂಪಾಯಿ ನೋಟಿಗೆ ವನ್ ಅಂತೀವಲ್ಲ, ಅಲ್ಲಿ ಎ. ಆದರೆ ಬಾಯಲ್ಲಿ ಎಮ್ಮೆ ಯೆಮ್ಮೆ ಆಗುವ ಹಾಗೆ ಎಗ್ ಕೂಡ ಯೆಗ್ ಆಗಿಬಿಡುತ್ತದೆ, ಅಲ್ಲಿ ಮಾತ್ರ ಹುಷಾರು ಅನ್ನುತ್ತಿದ್ದರು. ದ ಉಚ್ಚಾರಕ್ಕೂ ಇದೇ ಲೆಕ್ಕ. ವ್ಯಂಜನದ ಮುಂದೆ ದ, ಸ್ವರದ ಮುಂದೆ ದಿ.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಅವರು ಬೋರ್ಡಿನ ಮೇಲೆ ಬರೆದ ಎರಡು ಸಾಲು. 'ಪುಸ್ತಕ ಓದಿದೆ.' 'ಪುಸ್ತಕವನ್ನು ಓದಿದೆ.' ಏನು ವ್ಯತ್ಯಾಸ ಅಂತ ಕೇಳಿ ಸುಮ್ನೆ ನಿಂತರು. ಮೊದಲನೆಯದು ಯಾವುದೋ ಒಂದು ಪುಸ್ತಕ ಇರಬಹುದು, ಎರಡನೆಯದನ್ನು ಕೇಳಿದರೆ ನಮ್ಮಿಬ್ಬರಿಗೂ ಗೊತ್ತಿರುವ ಪುಸ್ತಕ ಅನ್ನಿಸುತ್ತದೆ, ಅಲ್ವಾ? ಆಮೇಲೆ ಅಜ್ಜಿ ಕಥೆ ತೆಗೆದರು. 'ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು.' ಮೊದಲ ಸಲ ಬಂದಾಗ 'ಒಬ್ಬ', ಪರಿಚಯ ಆದಮೇಲೆ 'ಆ'. ಇಂಗ್ಲಿಷಿನವರ ಎ ಮತ್ತು ದ ಮಾಡುವುದೂ ಇದೇ ಕೆಲಸ ಅಂತ ಅವರು ಹೇಳಿದ್ದೇ ತಡ, ಇದು ನಮಗೆ ಗೊತ್ತಿರುವ ವಿಷಯವೇ ಅಂತ ಇಡೀ ಕ್ಲಾಸಿಗೆ ಧೈರ್ಯ ಬಂತು. ಹಾಗಂತ ದ ಕಂಡಲ್ಲೆಲ್ಲ 'ಆ' ಹಾಕಬೇಡಿ ಅಂತಲೂ ಹೇಳಿದರು. ಸೂರ್ಯ ಇರುವುದು ಒಬ್ಬನೇ, ಅದಕ್ಕೇ ದ ಸನ್.

ನದಿಗೆ ದ ಬೇಕು, ಊರಿಗೆ ಬೇಡ. ದ ಕಾವೇರಿ, ಬರೀ ಮೈಸೂರು. ಇದೆಲ್ಲ ರೂಢಿ, ಓದುತ್ತಾ ಓದುತ್ತಾ ಬರುತ್ತದೆ ಅಂತ ಬೇಗ ಮುಗಿಸಿಬಿಡುತ್ತಿದ್ದರು.

ಈಗ ಕೋಚಿಂಗ್ ನೋಟ್ಸುಗಳಲ್ಲಿ ಆರ್ಟಿಕಲ್ಸ್ ಅಂದರೆ ಪುಟಗಟ್ಟಲೆ ನಿಯಮ, ಪುಟಗಟ್ಟಲೆ ಅಪವಾದ. ಅದನ್ನು ಉರು ಹೊಡೆಯುವ ಮಕ್ಕಳನ್ನು ಕಂಡರೆ ನಿಜಕ್ಕೂ ಬೇಜಾರಾಗುತ್ತದೆ. ನಮ್ಮ ಮೇಷ್ಟ್ರು ಒಂದೊಂದಕ್ಕೂ ಕಣ್ಣೆದುರಿನ ಉದಾಹರಣೆ ಕೊಡುತ್ತಿದ್ದರು. ನೀವು ದಿನಾ ಓದಲು ಬರುತ್ತೀರಿ, ಅದು ಗೋ ಟು ಸ್ಕೂಲ್. ನಿಮ್ಮಪ್ಪ ಹೆಡ್‌ಮಾಸ್ಟರನ್ನು ನೋಡಲು ಬಂದರೆ ಗೋ ಟು ದ ಸ್ಕೂಲ್. ಆ ಲೆಕ್ಕದಲ್ಲಿ, ಹಳೆ ವಿದ್ಯಾರ್ಥಿಗಳ ಸಭೆಗೆ ಬರುವ ನಾವೆಲ್ಲ ಈಗ ದ ಹಾಕಲೇಬೇಕು.