'ಒಂದೇ ದರ' ಬೋರ್ಡಿನ ಹಿಂದಿನ ಲೆಕ್ಕ

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ 'ಕಡೀ ರೇಟ್ ಹೇಳ್ರಿ ಅಣ್ಣಾರ' ಅನ್ನದೆ ಸೀರೆ ಕೊಳ್ಳುವವರು ಕಡಿಮೆ. 'ಒಂದೇ ದರ' ಅಂತ ಬೋರ್ಡ್ ಕಂಡರೆ ಅಲ್ಲಿ ಸೋವಿ ಸಿಗುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಹಾಗೇನಿಲ್ಲ. ಚೌಕಾಶಿಗೆ ಬಾಯಿ ಇದ್ದವರಿಗೂ ಇಲ್ಲದವರಿಗೂ ಒಂದೇ ರೊಕ್ಕ, ಅಷ್ಟೇ ಅದರ ಅರ್ಥ.

ಎಂಆರ್‌ಪಿ ಬೇರೆ. ಪೊಟ್ಟಣದ ಮೇಲೆ ಅಚ್ಚಾದ ಆ ದರ ತೆರಿಗೆಯೆಲ್ಲ ಸೇರಿದ ಗರಿಷ್ಠ ಮಿತಿ: ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ತಂಪು ಮಾಡಿದ್ದಕ್ಕೆ ಅಂತ ಬಾಟಲಿಗೆ ಎರಡು ರೂಪಾಯಿ ಮೇಲೆ ಕೇಳಿದರೆ ಕೊಡಬೇಕಿಲ್ಲ. ಗ್ರಾಹಕ ಸಹಾಯವಾಣಿ 1915.

ಮಾಲೀಕನೇ ಗಾದಿ ಮೇಲೆ ಕೂತಿದ್ದರೆ ಚೌಕಾಶಿ ನಡೆಯುತ್ತದೆ, ಅಸಲು ಅವನಿಗೆ ಗೊತ್ತು. ಇಲ್ಲವಾದರೆ ದರದ ಚೀಟಿಯ ಮೂಲೆಯಲ್ಲಿ ಅಸಲು ತಿಳಿಸುವ ಗುಟ್ಟಿನ ಅಕ್ಷರ ಇರುತ್ತದೆ: ಹತ್ತು ಬೇರೆ ಬೇರೆ ಅಕ್ಷರದ ಒಂದು ಪದ, ಮೊದಲನೆಯದು 1, ಹತ್ತನೆಯದು 0. ಹತ್ತು ಜನ ಸಂಬಳದವರು ಮಾರುವ ದೊಡ್ಡ ಅಂಗಡಿಯಲ್ಲಿ ಚೌಕಾಶಿ ನಿಭಾಯಿಸಲಾಗದು. 1852ರಿಂದ ಪ್ಯಾರಿಸ್ಸಿನ ಬಾನ್ ಮಾರ್ಶೆ ಎಂಬ ದೊಡ್ಡ ಅಂಗಡಿಯನ್ನು ಬೆಳೆಸಿದ ವ್ಯಾಪಾರಿ ಬೂಸಿಕೋ ಸಾಮಾನಿಗೆ ದರದ ಚೀಟಿ ಅಂಟಿಸಿದ. ಅಲ್ಲಿಗೆ ಮಾರುವವನ ಮಾತಿನ ಕೆಲಸ ಅರ್ಧ ಮುಗಿಯಿತು.

ಒಂದೇ ದರ ಬರೆಯುವ ಅಂಗಡಿಯವರು ಎಡವುವುದು ಲಾಭದ ಲೆಕ್ಕದಲ್ಲಿ. ಜಿಎಸ್‌ಟಿ ಬದಿಗಿಡಿ. ಸೀರೆಯ ಅಸಲು, ಸಾಗಣೆ ಸೇರಿ, 800 ರೂಪಾಯಿ. ಶೇ. 25 ಹಾಕಿದರೆ 1,000. 'ಮಾರಾಟದಲ್ಲಿ ಕಾಲು ಭಾಗ ನನ್ನದು' ಅಂದುಕೊಳ್ಳುತ್ತಾರೆ; ಉಳಿದದ್ದು 200, ಅಂದರೆ ಮಾರಿದ ದರದ ಶೇ. 20 ಮಾತ್ರ. ನಿಜವಾಗಿ ಕಾಲು ಭಾಗ ಬೇಕಿದ್ದರೆ 800ನ್ನು 0.75ರಿಂದ ಭಾಗಿಸಬೇಕು, 1,067 ಆಗುತ್ತದೆ. ಇನ್ನು 1,000ದ ಸೀರೆಗೆ ಶೇ. 10 ಬಿಟ್ಟರೆ? ಲಾಭ 200ರಿಂದ 100ಕ್ಕೆ ಇಳಿಯುತ್ತದೆ. 50 ಸೀರೆಯಲ್ಲಿ ಬರುತ್ತಿದ್ದುದಕ್ಕೆ 100 ಮಾರಬೇಕು.

ಎಲ್ಲ ಸಾಮಾನಿಗೂ ಒಂದೇ ದರ ಒಗ್ಗುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ತೇವ ನೋಡಿ ಟೆಂಡರ್ ಹಾಕುತ್ತಾರೆ, ಲಾಟಿಗೊಂದು ದರ. ಸಂಜೆಗೆ ಬಾಡುವ ಕೊತ್ತಂಬರಿಗೂ ಬೆಳಗಿನ ದರ ನಿಲ್ಲದು.

ಬೋರ್ಡ್ ಹಾಕಿದ ಮೇಲೆ ಕಷ್ಟ ಬರುವುದು ಬೋಣಿ ಹೊತ್ತಿನಲ್ಲಿ. 'ಮೊದಲ ಗಿರಾಕಿ, ವಾಪಸ್ ಕಳಸಬ್ಯಾಡ್ರಿ' ಅಂದಾಗ ಐವತ್ತು ಬಿಟ್ಟರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಪೂರ್ತಿ ದರ ಕೊಟ್ಟವರು ಮರುದಿನ ಬಿಲ್ ಹಿಡಿದುಕೊಂಡು ಬರುತ್ತಾರೆ. ಏನಾದರೂ ಕೊಡಲೇಬೇಕಿದ್ದರೆ ಎಲ್ಲರಿಗೂ ಫಾಲ್ ಹಚ್ಚಿಸಿ ಕೊಡಿ. ಅದರ ಖರ್ಚು ಚೀಟಿ ಬರೆಯುವಾಗಲೇ ಅಸಲಿಗೆ ಸೇರಿರಲಿ.